ಕೈಗೆ ಕೆಲಸ ಕೊಡದ ಸುದ್ದಿ



೨೦೨೫ನೆಯ ಇಸವಿಯ ಜೂನ್, ಜುಲೈ ತಿಂಗಳುಗಳನ್ನು ಹಾಸನ ಜಿಲ್ಲೆಯ ಜನ ಬೇಗನೆ ಮರೆಯಲಾರರು. ಸುಮಾರು ೪೦ ದಿನಗಳ ಅವಧಿಯಲ್ಲಿ ೨೦ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಆಗ ನಾಡಿನ ಮನೆಮನೆಯನ್ನೂ ಹೊಕ್ಕಿತು. ಮೃತರಲ್ಲಿ ಹರೆಯದವರೂ ಇದ್ದುದರಿಂದ ಕಳವಳ ಇಮ್ಮಡಿಯಾಯಿತು. ಒಂದೊಂದು ಸಾವೂ ನಿಜವಾದ ಸಾವು. ಒಂದೊಂದು ಮನೆಯ ಗೋಳೂ ನಿಜವಾದ ಗೋಳು. ಅದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಟಿ.ವಿ. ಪರದೆಯ ಮೇಲೆ ಆ ಸಾವುಗಳು ಬಂದ ಬಗೆ ಕ್ರಿಕೆಟ್ ಪಂದ್ಯದ ಓಟಗಳ ಲೆಕ್ಕದಂತಿತ್ತು: ನಿನ್ನೆಗೆ ಇಷ್ಟಾಗಿತ್ತು, ಇಂದು ಮತ್ತೊಂದು ಸೇರಿತು, ನಾಳೆ ಯಾರೋ! ಪರಿಣಾಮವಾಗಿ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಗಳ ಎದುರು ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ಗಾಬರಿಪಡಬೇಡಿರೆಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ಅವರು ೪೬ನೆಯ ವಯಸ್ಸಿನಲ್ಲಿ ಅಕಾಲಿಕವಾಗಿ ಅಗಲಿದಾಗಲೂ ಇದೇ ಆಸ್ಪತ್ರೆಯ ಮುಂದೆ ಇಂಥದೇ ಸಾಲು ಬೆಳೆದಿತ್ತು.

ಹಾಸನದ ಪ್ರಕರಣವನ್ನು ಪರಿಶೀಲಿಸಲು ಸರಕಾರವು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಜುಲೈ ತಿಂಗಳಲ್ಲೇ ಅದರ ವರದಿಯೂ ಬಂದಿತು. ಪರಿಶೀಲನೆಗೆ ಬಂದ ೨೪ ಸಾವುಗಳಲ್ಲಿ ೪ ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದವರಲ್ಲಿ ಬಹುಮಂದಿಗೆ ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಲ್ಲಿ ಒಂದಲ್ಲ ಒಂದು ಅಂಟಿಕೊಂಡಿತ್ತು. ಆಟೋ, ಟ್ಯಾಕ್ಸಿ ಓಡಿಸುವ ಶ್ರಮಜೀವಿಗಳ ಸಂಖ್ಯೆ ಗಮನಾರ್ಹವಾಗಿತ್ತು. ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿವೆ ಎನ್ನಲು ಆಧಾರವಿಲ್ಲವೆಂಬುದೇ ಸಮಿತಿಯ ಒಟ್ಟು ಅಭಿಪ್ರಾಯ. ೨೦೧೧ರ ಜನಗಣತಿಯಂತೆ ೧೭ ಲಕ್ಷಕ್ಕೂ ಮಿಕ್ಕಿ ಜನರಿರುವ ಜಿಲ್ಲೆ ಅದು. ಅಲ್ಲಿ ವರ್ಷದ ಯಾವ ೪೦ ದಿನಗಳನ್ನು ತೆಗೆದುಕೊಂಡರೂ ಇಂಥ ಸಾವುಗಳು ಸಂಭವಿಸಿಯೇ ಇರುತ್ತವೆ. ‘ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು?’ ಎಂಬ ಒಂದು ಪ್ರಶ್ನೆಯನ್ನು ಕೇಳಿದ್ದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತಿತ್ತು. (ಎದೆನೋವು ಬಂದವರು ಇದನ್ನು ಓದಿ ಮನೆಯಲ್ಲಿ ಸುಮ್ಮನೆ ಕೂರಬಾರದು, ಅವರು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ನಾನು ಹೇಳುತ್ತಿರುವುದು ಟಿ.ವಿ. ನೋಡಿದ್ದರಿಂದ ಬಂದ ಎದೆನೋವಿನ ಮಾತು.)

ಇದರಲ್ಲಿ ಪತ್ರಕರ್ತರ ತಪ್ಪೆಷ್ಟು ಎಂಬ ವಿಚಾರಣೆಗೆ ನಾನಿಲ್ಲಿ ಇಳಿಯುವುದಿಲ್ಲ. ಸುದ್ದಿ ನಮ್ಮೊಳಗೆ ಹೊಕ್ಕು ಮಾಡುವ ಕೆಲಸವೇನು ಎಂಬುದು ಈ ತಿಂಗಳ ಚಿಂತನೆ.

‘ಸುದ್ದಿ’ ಎಂಬುದು ‘ಶುದ್ಧಿ’ ಶಬ್ದದ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಸಂಶಯವನ್ನು ತೊಳೆದು ನಿಜಸ್ಥಿತಿಯನ್ನು ತಿಳಿಸುವುದು ಸುದ್ದಿ ಎಂದು ಅರ್ಥಮಾಡಿಕೊಂಡರೆ ಎಷ್ಟು ಚೆಂದದ ಶಬ್ದ! ನಮ್ಮ ಹಿರಿಯರ ಕಾಲದಲ್ಲಿ ಸುದ್ದಿಗೆ ಇನ್ನೊಂದು ಲಕ್ಷಣವೂ ಇದ್ದಿತು. ಅದು ಬರುವಾಗ ಒಂದು ಕೆಲಸವನ್ನು ಹೊತ್ತುಕೊಂಡೇ ಬರುತ್ತಿತ್ತು. ಊರಿನಲ್ಲಿ ಯಾರಾದರೂ ಲಿಂಗೈಕ್ಯರಾದರೆ ಸುತ್ತಣ ಊರುಗಳ ಬೀಗರಿಗೆ ಸುದ್ದಿ ಮುಟ್ಟಿಸಲು ಆಳು ಹೋಗುತ್ತಿದ್ದನು. ಸುದ್ದಿ ಕೇಳಿದ ಮನೆಯಲ್ಲಿ ಅಳು ಎಷ್ಟು ಬಂದರೂ ಕೈಕಾಲಿಗೆ ಬಿಡುವಿರುತ್ತಿರಲಿಲ್ಲ. ಎತ್ತು ಹೂಡಬೇಕು, ಹಟ್ಟಿಯ ದನಗಳನ್ನು ನೆರೆಯವರಿಗೆ ಒಪ್ಪಿಸಬೇಕು, ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಬುತ್ತಿ ಕಟ್ಟಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಹೆಗಲು ಕೊಡಬೇಕು, ಮಕ್ಕಳನ್ನು ಎತ್ತಿಕೊಂಡು ಕೂರಬೇಕು. ದುಃಖಕ್ಕೆ ಹೀಗೊಂದು ಹರಿಯುವ ದಾರಿ ಇರುತ್ತಿತ್ತು. ಮನೆಗೆ ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಹೆಂಗಸರು ಎದೆ ಹಿಡಿದುಕೊಳ್ಳುತ್ತಿದ್ದ ಕಾಲವನ್ನು ನಾನೂ ಕಂಡಿದ್ದೇನೆ. ೨೦೧೩ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಆ ತಂತಿಯೂ ಸಾಮಾನ್ಯವಾಗಿ ‘ಕೂಡಲೇ ಹೊರಟು ಬಾ’ ಎಂದೇ ಹೇಳುತ್ತಿತ್ತು. ಹೊರಟುಬರುವುದು ನಮ್ಮ ಕೈಯಲ್ಲಿರುತ್ತಿತ್ತು.

ಇಂದಿನ ಸ್ಥಿತಿ ಬೇರೆ. ನಾವು ಬೆಳಗ್ಗೆ ಹಾಸಿಗೆಯ ಮೇಲೆ ಮೊಬೈಲು ಹಿಡಿದ ಅರ್ಧ ಗಳಿಗೆಯಲ್ಲಿ ಯಾವುದೋ ಖಂಡದ ಯುದ್ಧ, ಯಾವುದೋ ರಾಜ್ಯದ ಅತ್ಯಾಚಾರ, ಯಾವುದೋ ಹೆದ್ದಾರಿಯ ಅಪಘಾತ ಎಲ್ಲವನ್ನೂ ಕಂಡುಬಿಡುತ್ತೇವೆ. ಮನಸ್ಸು ಕಲಕುತ್ತದೆ, ಎದೆಬಡಿತ ಏರುತ್ತದೆ, ದೇಹವು ಏಳಲು, ಓಡಲು, ಯಾರನ್ನೋ ಹಿಡಿದೆತ್ತಲು ಸಿದ್ಧವಾಗುತ್ತದೆ. ಆದರೆ ಎದ್ದು ಹೋಗುವುದೆಲ್ಲಿಗೆ? ಎತ್ತುವುದು ಯಾರನ್ನು? ಹೆಬ್ಬೆರಳಿನಿಂದ ಮುಂದಿನ ಸುದ್ದಿಗೆ ಸರಿಯುವುದೊಂದೇ ನಮಗೆ ಉಳಿದ ಕೆಲಸ. ಕರುಣೆಯು ಕಾಯಕವಾಗದೆ ಒಳಗೇ ನಿಂತ ನೀರಾಗುತ್ತದೆ. ಹೀಗೆ ಕೆಲವು ತಿಂಗಳು ನಡೆದರೆ ಎರಡರಲ್ಲೊಂದು ಆಗುತ್ತದೆ: ಒಂದೋ ಮನುಷ್ಯನು ಸದಾ ಅಂಜುತ್ತಾನೆ, ಇಲ್ಲವೇ ಅವನ ಕರುಳು ಜಡ್ಡುಗಟ್ಟುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದೆಂದು ನನ್ನ ಭಾವನೆ. ಅಂಜಿದವನನ್ನು ಸಂತೈಸಬಹುದು. ನೆರೆಮನೆಯ ಅಳು ಕೇಳಿದಾಗಲೂ ಅಲುಗದವನನ್ನು ಏನು ಮಾಡುವುದು?

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಅವರು ೧೮೪೩ರ ಜುಲೈ ೧ರಂದು ಹೊರಡಿಸಿದಾಗ ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ನಾನು ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದಾಗ ದಿನಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಸಂಜೆ ಒಬ್ಬ ಹುಡುಗ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು, ತಿಳಿಯದ ಶಬ್ದಕ್ಕೆ ಗುರುಗಳು ಅರ್ಥ ಹೇಳಬೇಕು. ಅರ್ಧ ಗಂಟೆಗೆ ಲೋಕವಾರ್ತೆ ಮುಗಿಯುತ್ತಿತ್ತು. ಆ ಕ್ರಮ ಒಳ್ಳೆಯದಾಗಿತ್ತು. ಆದರೆ ಅದೇ ದಶಕದಲ್ಲಿ, ೧೯೭೫ರಿಂದ ೧೯೭೭ರವರೆಗಿನ ತುರ್ತು ಪರಿಸ್ಥಿತಿಯಲ್ಲಿ, ಪತ್ರಿಕೆಗಳ ಬಾಯಿ ಕಟ್ಟಿದ್ದರೆಂಬುದನ್ನು ಮರೆಯಲಾದೀತೇ? ೧೯೮೪ರ ಅಕ್ಟೋಬರ್ ೩೧ರಂದು ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಬೆಳಗ್ಗೆಯೇ ಗುಂಡು ಹಾರಿತು. ಆಕಾಶವಾಣಿಯು ಅವರ ಮರಣವನ್ನು ಪ್ರಕಟಿಸಿದ್ದು ಸಂಜೆಗೆ. ನಡುವಿನ ಹೊತ್ತನ್ನು ಗಾಳಿಮಾತು ತುಂಬಿತು. ಸುದ್ದಿ ನಿಧಾನವಾದರೆ ಮನಶ್ಶಾಂತಿ ತಾನಾಗಿ ಬರುತ್ತದೆಂಬುದು ಅರ್ಧ ಸತ್ಯ. ಕನ್ನಡದಲ್ಲಿ ದಿನದ ೨೪ ಗಂಟೆಯೂ ಸುದ್ದಿ ಬಿತ್ತರಿಸುವ ವಾಹಿನಿಗಳು ಬೇರೂರಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಅವು ಬಂದ ಮೇಲೆ ಅಧಿಕಾರಿಗಳ ಅನೇಕ ಕಳ್ಳಾಟಗಳು ಬೆಳಕು ಕಂಡದ್ದೂ ಉಂಟು.

ಮನಶ್ಶಾಸ್ತ್ರಜ್ಞರು ಈ ವಿಷಯವಾಗಿ ಏನು ಕಂಡುಕೊಂಡಿದ್ದಾರೆಂಬುದನ್ನೂ ನೋಡೋಣ. ೨೦೧೩ರ ಏಪ್ರಿಲ್ ೧೫ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮ್ಯಾರಥಾನ್ ಓಟ ನಡೆಯುತ್ತಿದ್ದಾಗ ಬಾಂಬುಗಳು ಸಿಡಿದು ೩ ಜನ ಸತ್ತರು, ನೂರಾರು ಜನ ಗಾಯಗೊಂಡರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲಿಸನ್ ಹೋಲ್ಮನ್, ರಾಕ್ಸೇನ್ ಸಿಲ್ವರ್ ಮೊದಲಾದ ವಿದ್ವಾಂಸರು ಅನಂತರದ ವಾರಗಳಲ್ಲಿ ೪,೬೭೫ ಮಂದಿಯನ್ನು ವಿಚಾರಿಸಿದರು. ಘಟನೆಯಾದ ವಾರದಲ್ಲಿ ದಿನಕ್ಕೆ ೬ ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಆ ಸುದ್ದಿಯನ್ನೇ ನೋಡುತ್ತ, ಕೇಳುತ್ತ, ಓದುತ್ತ ಇದ್ದವರಲ್ಲಿ ಕಂಡ ಮಾನಸಿಕ ತೀವ್ರಾಘಾತದ ಲಕ್ಷಣಗಳು ಸ್ಫೋಟದ ಸ್ಥಳದಲ್ಲೋ ಅದರ ಹತ್ತಿರದಲ್ಲೋ ಇದ್ದವರಿಗಿಂತಲೂ ಹೆಚ್ಚಾಗಿದ್ದವು! ಬೆಂಕಿಯ ಬಳಿ ನಿಂತವನಿಗಿಂತ ಬೆಂಕಿಯ ಚಿತ್ರವನ್ನು ದಿನವೆಲ್ಲ ನೋಡಿದವನಿಗೆ ಕಾವು ಹೆಚ್ಚು ತಟ್ಟಿತ್ತು. ಸ್ಥಳದಲ್ಲಿದ್ದವನ ಪಾಲಿಗೆ ಆ ಘಟನೆ ಒಂದು ಸಲ ನಡೆದು ಮುಗಿದಿತ್ತು. ಪರದೆಯ ಮುಂದಿದ್ದವನ ಪಾಲಿಗೆ ನೂರು ಸಲ ನಡೆಯಿತು.

ಸ್ವಭಾವತಃ ಅಂಜುವವರೇ ಹೆಚ್ಚು ಹೊತ್ತು ನೋಡಿರಬಹುದಲ್ಲವೇ ಎಂದು ತರ್ಕಬಲ್ಲ ಓದುಗರು ಕೇಳಿಯಾರು. ಯೋಗ್ಯವಾದ ಆಕ್ಷೇಪವೇ. ಬ್ರಿಟನ್ನಿನ ವೆಂಡಿ ಜಾನ್‌ಸ್ಟನ್ ಮತ್ತು ಗ್ರಹಾಂ ಡೇವಿ ಎಂಬಿಬ್ಬರು ೧೯೯೭ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತದೆ. ಅವರು ೧೪ ನಿಮಿಷಗಳ ಮೂರು ಬಗೆಯ ವಾರ್ತೆಗಳನ್ನು ಸಿದ್ಧಪಡಿಸಿ, ಒಂದು ಗುಂಪಿಗೆ ಬರೇ ಕೆಟ್ಟ ಸುದ್ದಿ, ಇನ್ನೊಂದಕ್ಕೆ ಒಳ್ಳೆಯದು, ಮತ್ತೊಂದಕ್ಕೆ ಎರಡೂ ಅಲ್ಲದ್ದನ್ನು ತೋರಿಸಿದರು. ಕೆಟ್ಟ ಸುದ್ದಿ ಕಂಡವರು ಕಳವಳಗೊಂಡರು, ಖಿನ್ನರಾದರು. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮುಂದಿನ ಮಾತಿನಲ್ಲಿ. ಅವರವರ ಸ್ವಂತ ಚಿಂತೆಯನ್ನು ಕುರಿತು ಮಾತನಾಡಿಸಿದಾಗ, ವಾರ್ತೆಗೆ ಯಾವ ಸಂಬಂಧವೂ ಇಲ್ಲದ ಆ ಚಿಂತೆಯನ್ನೂ ಅವರು ಉಳಿದವರಿಗಿಂತ ಹೆಚ್ಚು ಘೋರವಾಗಿ ಬೆಳೆಸಿ ಕಂಡರು. ಗೃಹಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕು. ರಾತ್ರಿ ಒಂಬತ್ತರ ಸುದ್ದಿಯಲ್ಲಿ ಕೊಲೆ ಕಂಡ ತಂದೆಯು ಹತ್ತು ಗಂಟೆಗೆ ಮಗನ ಅಂಕಪಟ್ಟಿಯನ್ನು ನೋಡಿ ‘ಇವನ ಬಾಳು ಮುಗಿಯಿತು’ ಎಂದು ಕೂಗಾಡಿದರೆ ಆ ಕೂಗಿನ ಬೇರು ಅಂಕಪಟ್ಟಿಯಲ್ಲಿಯೇ ಇದೆಯೆಂದು ಹೇಳಲಾಗದು. ಅತ್ತೆಸೊಸೆಯರ ಎಷ್ಟು ಜಗಳಗಳಿಗೆ ದೂರದ ಊರಿನ ಸುದ್ದಿ ಎಣ್ಣೆ ಹೊಯ್ದಿದೆಯೋ ಲೆಕ್ಕವಿಟ್ಟವರಾರು?

ಕೆಟ್ಟದ್ದೇ ಏಕೆ ಇಷ್ಟು ಬರುತ್ತದೆ ಎಂದರೆ ನಾವು ಅದನ್ನೇ ಆರಿಸುತ್ತೇವೆ. ೨೦೨೩ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಒಂದು ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಪರೀಕ್ಷಿಸಿತು. ಸಾಮಾನ್ಯ ಉದ್ದದ ತಲೆಬರಹದಲ್ಲಿ ಒಂದು ಅಶುಭ ಪದ ಹೆಚ್ಚಾದರೆ ಅದನ್ನು ತೆರೆದು ನೋಡುವವರು ಶೇಕಡ ೨.೩ರಷ್ಟು ಹೆಚ್ಚುತ್ತಾರೆಂದು ಅದು ತೋರಿಸಿತು. ಅಂಗಡಿಯವನು ಗಿರಾಕಿ ಕೇಳಿದ್ದನ್ನೇ ತೂಗುತ್ತಾನೆ.

ಕೈಗೆ ಕೆಲಸ ಕೊಡುವ ಸುದ್ದಿ ಒಳ್ಳೆಯದೆಂದೆನಷ್ಟೆ. ಈ ಮಾತಿಗೊಂದು ಭಯಂಕರವಾದ ಅಪವಾದವಿದೆ, ಅದನ್ನು ಮುಚ್ಚಿಡಲಾರೆ. ೨೦೧೮ನೆಯ ಜುಲೈ ೧೩ರಂದು, ಬಸವಾದಿ ಶರಣರು ನಡೆದಾಡಿದ ಕಲ್ಯಾಣವನ್ನು ಒಡಲಲ್ಲಿಟ್ಟುಕೊಂಡಿರುವ ಬೀದರ ಜಿಲ್ಲೆಯ ಮುರ್ಕಿ ಎಂಬ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವರನ್ನು ಮಕ್ಕಳ ಕಳ್ಳರೆಂದು ಭಾವಿಸಿ ಜನರ ಗುಂಪು ಹೊಡೆಯಿತು. ಅವರಲ್ಲೊಬ್ಬ ತರುಣ ಪ್ರಾಣಬಿಟ್ಟನು. ಉಳಿದವರು ತೀವ್ರವಾಗಿ ಗಾಯಗೊಂಡರು. ಅವರು ಮಾಡಿದ್ದಿಷ್ಟೇ: ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದ್ದರು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುಳ್ಳು ಸಂದೇಶಗಳು ಅದಕ್ಕೆ ಮೊದಲೇ ಹಲವು ವಾರಗಳಿಂದ ಮೊಬೈಲುಗಳಲ್ಲಿ ಹರಿದಾಡಿ ಜನರ ಮನಸ್ಸನ್ನು ಹದಗೊಳಿಸಿದ್ದವು. ಅವರ ವಾಹನದ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದಾಗಿ ಓಡಿ ದಾರಿ ಕಟ್ಟಿಸಿತು. ಅದೇ ತಿಂಗಳಲ್ಲಿ ಆ ಕಂಪನಿಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಕಟ್ಟು ಹಾಕಿತು. ಹೊಡೆದವರು ಹುಟ್ಟಾ ಕೊಲೆಗಡುಕರಲ್ಲ, ನಮ್ಮ ನಿಮ್ಮಂಥ ಗೃಹಸ್ಥರು. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ನಂಬಿದವರು. ವಾರಗಟ್ಟಲೆ ಒಳಗೆ ನಿಂತಿದ್ದ ಭಯಕ್ಕೆ ಕೈಗೆಟುಕುವ ಕೆಲಸವೊಂದು ಸಿಕ್ಕಿದಾಗ ನಡೆದುಹೋದದ್ದು ಇದು.

ನಾನು ಶಾಸ್ತ್ರ ಓದುವಾಗ ಪ್ರಮಾಣಗಳ ಪಾಠವಿತ್ತು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಅನುಮಾನ. ಇವೆರಡೂ ಇಲ್ಲದಲ್ಲಿ ಇನ್ನೊಬ್ಬರ ಮಾತನ್ನು ನಂಬಬಹುದು, ಆದರೆ ಆ ಇನ್ನೊಬ್ಬನು ‘ಆಪ್ತ’ನಾಗಿರಬೇಕು. ಆಪ್ತನೆಂದರೆ ಸ್ನೇಹಿತನಲ್ಲ, ವಿಷಯವನ್ನು ತಾನು ಸರಿಯಾಗಿ ಬಲ್ಲವನು, ಬಲ್ಲುದನ್ನು ಇದ್ದಂತೆ ಹೇಳುವವನು. ವಾಟ್ಸಾಪಿನಲ್ಲಿ ನಮ್ಮ ಸೋದರಮಾವ ಕಳಿಸಿದ ಸಂದೇಶವನ್ನು ನಾವು ನಂಬುವುದು ಸೋದರಮಾವ ನಮಗೆ ಬೇಕಾದವನೆಂಬ ಕಾರಣಕ್ಕೆ. ಅವನು ಅದನ್ನು ಕಂಡಿಲ್ಲ, ಊಹಿಸಿಯೂ ಇಲ್ಲ, ಅವನಿಗೆ ಇನ್ನಾರೋ ಕಳಿಸಿದ್ದು. ಎರಡು ಸಾವಿರ ವರ್ಷಗಳ ಹಿಂದಿನ ತರ್ಕಶಾಸ್ತ್ರದ ಈ ಒಂದು ಪಾಠವನ್ನು ಶಾಲೆಗಳಲ್ಲಿ ಹೇಳಿಕೊಟ್ಟರೆ ಎಷ್ಟೋ ಉಪಕಾರವಾದೀತು.

ಇನ್ನು ಮನೆಯ ಮಾತಿಗೆ ಬರುತ್ತೇನೆ. ಪ್ರವಚನ ಮುಗಿದ ಮೇಲೆ ತಾಯಿಯೊಬ್ಬರು ಬಂದು ಕೇಳಿದರು: “ಗುರುಗಳ, ನಮ್ಮ ಮಾವನವರು ಮುಂಜಾನಿಂದ ರಾತ್ರಿತನಕ ಟಿ.ವಿ. ಮುಂದ ಕುಂತಿರ್ತಾರ. ಊಟಕ್ಕ ಕರದ್ರ ‘ತಡಿಯವ್ವಾ, ಬ್ರೇಕಿಂಗ್ ಬಂದೈತಿ’ ಅಂತಾರ. ಬಿ.ಪಿ. ಏರಿ ಎರಡು ಸರ್ತಿ ದವಾಖಾನಿಗೆ ಒಯ್ದಿವಿ. ರಿಮೋಟ್ ಮುಚ್ಚಿಟ್ರ ಸಿಟ್ಟಾಗ್ತಾರ. ಏನ್ ಮಾಡೂದ್ರಿ?”

ಆ ಹಿರಿಯರು ನಿವೃತ್ತ ಶಾಲಾ ಮಾಸ್ತರರು. ಮೂವತ್ತೈದು ವರ್ಷ ಊರೆಲ್ಲ ಅವರನ್ನು ಕೇಳಿ ನಡೆಯುತ್ತಿತ್ತು. ಈಗ ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ, ಟಿ.ವಿ.ಯೊಂದು ಮಾತ್ರ ದಿನವಿಡೀ ಅವರ ಮುಖ ನೋಡಿ ‘ಇದಕ್ಕೆ ನೀವೇನಂತೀರಿ?’ ಎಂದು ಕೇಳುತ್ತದೆ. ಅದರ ಮುಂದೆ ಕುಳಿತಾಗ ಅವರಿಗೆ ತಾವೂ ಲೋಕದ ವ್ಯವಹಾರದಲ್ಲಿದ್ದೇವೆಂಬ ಭಾವನೆ. ಆ ಭಾವನೆಯನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಆದ್ದರಿಂದ ರಿಮೋಟನ್ನು ಮುಚ್ಚಿಡುವುದು ಹಿರಿಯರಿಗೆ ಮಾಡುವ ಅಗೌರವ ಮಾತ್ರವಲ್ಲ, ನಿಷ್ಪ್ರಯೋಜಕವೂ ಹೌದು. “ಅವರಿಗೆ ಕೆಲಸ ಕೊಡಿರಿ” ಎಂದು ಆ ತಾಯಿಗೆ ಹೇಳಿದೆ.

ಹೊತ್ತನ್ನು ಕಟ್ಟುವುದೂ ಅವಶ್ಯ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಹರಡುತ್ತಿದ್ದಾಗ ವಿಶ್ವ ಆರೋಗ್ಯ ಸಂಸ್ಥೆಯೇ ಕಳವಳ ಹುಟ್ಟಿಸುವ ಸುದ್ದಿಯನ್ನು ಕಡಿಮೆ ಮಾಡಿ, ನಂಬಿಕೆಗೆ ಅರ್ಹವಾದ ಮೂಲದಿಂದ, ದಿನದಲ್ಲಿ ಗೊತ್ತಾದ ಹೊತ್ತಿಗೆ ಒಂದೆರಡು ಸಲ ಮಾತ್ರ ಮಾಹಿತಿ ಪಡೆಯಿರೆಂದು ಸಲಹೆ ಮಾಡಿತ್ತು. ಮಹಾಮಾರಿಯ ಕಾಲಕ್ಕೇ ಎರಡು ಸಲ ಸಾಕಾದರೆ ಉಳಿದ ಕಾಲಕ್ಕೆ ಎಷ್ಟು ಬೇಕು? ನನ್ನ ಮಟ್ಟಿಗೆ ಸ್ನಾನ, ಪೂಜೆ ಮುಗಿಯುವವರೆಗೆ ಸುದ್ದಿಗೆ ಪ್ರವೇಶವಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ನೋಡುವ ಕಣ್ಣಿಗೆ ಐದು ನಿಮಿಷ ಮೊದಲು ಅಪಘಾತದ ಚಿತ್ರವನ್ನು ತುಂಬಿಸಿದರೆ ದೃಷ್ಟಿ ಎಲ್ಲಿ ನಿಂತೀತು? ಮಲಗುವ ಮುನ್ನವೂ ಹೀಗೆಯೇ. ಪುಟ್ಟ ಮಕ್ಕಳಿರುವ ಮನೆಯವರು ಇನ್ನೂ ಎಚ್ಚರವಾಗಿರಬೇಕು. ಮರುಪ್ರಸಾರವೆಂಬುದು ಮಕ್ಕಳಿಗೆ ತಿಳಿಯದು. ಹತ್ತು ಸಲ ತೋರಿಸಿದ ಪ್ರವಾಹ ಅವರಿಗೆ ಹತ್ತು ಪ್ರವಾಹ.

ಬೇಸತ್ತು ಸುದ್ದಿಯ ಸಹವಾಸವನ್ನೇ ಬಿಟ್ಟವರೂ ಹೆಚ್ಚುತ್ತಿದ್ದಾರೆ. ಆಕ್ಸ್‌ಫರ್ಡಿನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಹಲವು ದೇಶಗಳಲ್ಲಿ ನಡೆಸುವ ಸಮೀಕ್ಷೆಯಲ್ಲಿ, ಆಗಾಗಲಾದರೂ ಬೇಕೆಂದೇ ಸುದ್ದಿಯಿಂದ ದೂರವಿರುತ್ತೇವೆ ಎಂದವರು ೨೦೧೭ರಲ್ಲಿ ಶೇಕಡ ೨೯ ಇದ್ದವರು ೨೦೨೪ರಲ್ಲಿ ಶೇಕಡ ೩೯ಕ್ಕೆ ಏರಿದ್ದರು. ಇದು ನನಗೆ ಒಪ್ಪಿಗೆಯಿಲ್ಲ. ಹೊಲದಲ್ಲಿ ನಿಂತ ರೈತನಿಗೆ ಸಿಡಿಲಿನ ಮುನ್ಸೂಚನೆ ಬೇಕೇ ಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಎಂಬ ಆ್ಯಪ್ ಅದನ್ನು ಮೊಬೈಲಿಗೇ ಮುಟ್ಟಿಸುತ್ತದೆ. ಆ ಸುದ್ದಿ ಬಂದರೆ ಮರದ ಕೆಳಗಿಂದ ಎದ್ದು ಮನೆಯೊಳಗೆ ಹೋಗಬೇಕೆಂಬ ಕೆಲಸವೂ ಜೊತೆಗೇ ಬರುತ್ತದೆ. ಮಾರುಕಟ್ಟೆಯ ದರ, ಮಕ್ಕಳ ಲಸಿಕೆಯ ದಿನ, ಗ್ರಾಮಸಭೆಯ ತಾರೀಖು, ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಇವೆಲ್ಲ ಸುದ್ದಿಯೇ. ಆದರೆ ಇವು ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತವೆ. ಹಾಸನದ ವರದಿಯಲ್ಲಿ ಬೀಡಿ ಸಿಗರೇಟಿನ ಮೇಲೆ, ಚಾಲಕರ ಮೇಲೆ ಇದ್ದ ಮಾತುಗಳೂ ಅಂಥವೇ. ಆ ಊರಿನ ಒಬ್ಬ ಆಟೋ ಚಾಲಕನು ಅದನ್ನು ಓದಿ ಸಿಗರೇಟು ಬಿಟ್ಟಿದ್ದರೆ, ನಾಲ್ಕು ವಾರಗಳ ಕೂಗಾಟದಿಂದ ಆಗದ ಉಪಕಾರ ಆ ಒಂದು ಕಾಲಮ್ಮಿನಿಂದ ಆಯಿತು.

ಆ ಮಾಸ್ತರರಿಗೆ ಸೊಸೆ ಕೊಟ್ಟ ಕೆಲಸವೂ ಈ ಜಾತಿಯದೇ. ಓಣಿಯ ಆರೇಳು ಹುಡುಗರು ಈಗ ಸಂಜೆ ಅವರ ಕಟ್ಟೆಗೆ ಬರುತ್ತಾರೆ. ಒಬ್ಬನು ಪತ್ರಿಕೆ ಓದುತ್ತಾನೆ, ಇವರು ಉಚ್ಚಾರ ತಿದ್ದುತ್ತಾರೆ. ‘ಇದು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು?’ ಎಂದು ಪ್ರತಿ ಸುದ್ದಿಗೂ ಕೇಳಿಸುತ್ತಾರೆ. ಓಣಿಯವರಿಗೆ ಉಪಯೋಗಕ್ಕೆ ಬರುವ ಒಂದು ಸುದ್ದಿಯನ್ನು ಆರಿಸಿ ಗೋಡೆಯ ಕರಿಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆಸುತ್ತಾರೆ. ಟಿ.ವಿ. ಪೂರ್ತಿಯಾಗಿ ನಿಂತಿಲ್ಲವೆಂದೂ, ರಾತ್ರಿ ಒಂದು ಗಂಟೆ ನಡೆಯುತ್ತದೆಂದೂ, ಊಟಕ್ಕೆ ಮಾತ್ರ ಕರೆದ ಕೂಡಲೇ ಬರುತ್ತಾರೆಂದೂ ಆ ತಾಯಿ ಮೊನ್ನೆ ತಿಳಿಸಿದರು. ಅಂದಿನ ಹಲಗೆಯ ಮೇಲೆ ಪಶುವೈದ್ಯರು ಊರಿಗೆ ಬರುವ ದಿನ ಬರೆದಿತ್ತಂತೆ.